ಕಡಲ ಮಟ್ಟಕ್ಕಿಂತ ಕೆಳಗಿರುವ ನೆಲ

1957ರಲ್ಲಿ, ಅಂತರರಾಷ್ಟ್ರೀಯ ಭೂಭೌತ ವರ್ಷದ ಅಂಗವಾಗಿ ಪಶ್ಚಿಮ ಅಂಟಾರ್ಕ್ಟಿಕಾದ ಒಳನಾಡಿಗೆ ಹೊರಟ ಅಮೆರಿಕದ ತಂಡದಲ್ಲಿ ಚಾರ್ಲ್ಸ್ ಬೆಂಟ್ಲಿ ಎಂಬ ಯುವ ಭೂಭೌತ ವಿಜ್ಞಾನಿ ಇದ್ದರು. ದಾರಿಯುದ್ದಕ್ಕೂ ಅಲ್ಲಲ್ಲಿ ನಿಂತು ಹಿಮದಲ್ಲಿ ಸ್ಫೋಟಕ ಸಿಡಿಸುವುದು, ಆ ಕಂಪನ ತಳದ ಬಂಡೆಗೆ ಬಡಿದು ಮರಳಲು ಎಷ್ಟು ಹೊತ್ತು ಬೇಕಾಯಿತೆಂದು ಅಳೆಯುವುದು, ಅದರಿಂದ ಹಿಮದ ದಪ್ಪ ಲೆಕ್ಕಹಾಕುವುದು ಅವರ ಕೆಲಸ. ಬಂದ ಉತ್ತರ ಯಾರೂ ನಿರೀಕ್ಷಿಸದ್ದು. ಹಿಮದ ಅಡಿಯಲ್ಲಿ ಬೆಟ್ಟವೋ ಬಯಲೋ ಇರಬೇಕಿತ್ತು. ಅಲ್ಲಿದ್ದದ್ದು ಸಮುದ್ರದ ತಳ. ಮುಂದೆ 1968ರಲ್ಲಿ ಅದೇ ಒಳನಾಡಿನಲ್ಲಿದ್ದ ಅಮೆರಿಕದ ಬರ್ಡ್ ಠಾಣೆಯಲ್ಲಿ ತಳದವರೆಗೂ ಕೊರೆದಾಗ ಹಿಮದ ದಪ್ಪ 2,164 ಮೀಟರ್ ಎಂದು ಖಚಿತವಾಯಿತು. ಠಾಣೆ ಇದ್ದ ಎತ್ತರ ಒಂದೂವರೆ ಕಿಲೋಮೀಟರ್ ಮಾತ್ರ. ಅಂದರೆ ಅಲ್ಲಿಯ ಬಂಡೆ ಕಡಲ ಮಟ್ಟಕ್ಕಿಂತ 600 ಮೀಟರ್‌ಗೂ ಹೆಚ್ಚು ಕೆಳಗಿದೆ. ಅದೇ ಪ್ರದೇಶದಲ್ಲಿ ಬೆಂಟ್ಲಿಯವರ ಹೆಸರು ಹೊತ್ತ ಕಮರಿಯೊಂದು ಸುಮಾರು 2,500 ಮೀಟರ್ ಆಳಕ್ಕಿಳಿಯುತ್ತದೆ.

ಈ ಒಂದು ಭೌಗೋಳಿಕ ಸಂಗತಿ ಗೊತ್ತಿಲ್ಲದೆ ಅಂಟಾರ್ಕ್ಟಿಕಾದ ಬಗ್ಗೆ ವಿಜ್ಞಾನಿಗಳಿಗಿರುವ ಆತಂಕ ಅರ್ಥವಾಗುವುದಿಲ್ಲ. ಖಂಡದ ವಿಸ್ತೀರ್ಣ ಸುಮಾರು 1.4 ಕೋಟಿ ಚದರ ಕಿಲೋಮೀಟರ್, ಭಾರತದ ನಾಲ್ಕು ಪಟ್ಟಿಗೂ ಹೆಚ್ಚು. ಅದರ ಶೇ 98ರಷ್ಟು ಭಾಗ ಸರಾಸರಿ ಎರಡು ಕಿಲೋಮೀಟರ್ ದಪ್ಪದ ಹಿಮದಡಿ ಮುಚ್ಚಿಹೋಗಿದೆ. ಅಷ್ಟೂ ಹಿಮ ಕಡಲಿಗೆ ಸೇರಿದರೆ ಜಗತ್ತಿನ ಸಮುದ್ರ ಮಟ್ಟ 58 ಮೀಟರ್ ಏರುತ್ತದೆ. ಟ್ರಾನ್ಸ್‌ಅಂಟಾರ್ಕ್ಟಿಕ್ ಪರ್ವತಸಾಲು ಇಡೀ ಖಂಡವನ್ನು ಅಡ್ಡಕ್ಕೆ ಸೀಳಿ ಎರಡು ಭಾಗ ಮಾಡುತ್ತದೆ. ಪೂರ್ವದ್ದು ದೊಡ್ಡದು, ಎತ್ತರದ್ದು. ಅದರ ಹಿಮ ಬಹುಪಾಲು ಗಟ್ಟಿನೆಲದ ಮೇಲೆ ಕೂತಿದೆ. ಪಶ್ಚಿಮದ್ದು ಚಿಕ್ಕದು. ಅದರಲ್ಲಿರುವ ಹಿಮ ಕಡಲನ್ನು ಸುಮಾರು 5 ಮೀಟರ್ ಏರಿಸಬಲ್ಲದು, ಆದರೆ ಆ ಹಿಮದ ಹೆಚ್ಚಿನ ಪಾಲು ಕಡಲ ಮಟ್ಟಕ್ಕಿಂತ ಕೆಳಗಿರುವ ತಳದ ಮೇಲೆ ತನ್ನ ಭಾರದಿಂದಲೇ ಒತ್ತಿ ನಿಂತಿದೆ. ಅದು ಅಲ್ಲಿಲ್ಲದಿದ್ದರೆ ಆ ಜಾಗದಲ್ಲಿ ದ್ವೀಪಗಳು ಚದುರಿದ ಸಮುದ್ರ ಇರುತ್ತಿತ್ತು.

ಇಲ್ಲಿ ಓದುಗರಲ್ಲಿ ಏಳುವ ಪ್ರಶ್ನೆ ನ್ಯಾಯವಾದದ್ದೇ. 1983ರ ಜುಲೈ 21ರಂದು ಪೂರ್ವ ಅಂಟಾರ್ಕ್ಟಿಕಾದ ವೋಸ್ಟಾಕ್ ಠಾಣೆಯಲ್ಲಿ ಸೊನ್ನೆಗಿಂತ 89.2 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ ದಾಖಲಾಯಿತು. ಭೂಮಿಯ ಸರಾಸರಿ ಉಷ್ಣತೆ ಒಂದೋ ಎರಡೋ ಡಿಗ್ರಿ ಏರಿದರೆ ಅಂಥ ಖಂಡದ ಹಿಮ ಕರಗೀತೆ? ಮೇಲಿನ ಗಾಳಿಯಿಂದ ಕರಗುವುದು ಕಡಿಮೆಯೇ. ಬೆಚ್ಚಗಿನ ಗಾಳಿ ಹೆಚ್ಚು ತೇವ ಹೊರುವುದರಿಂದ ಒಳನಾಡಿನಲ್ಲಿ ಹಿಮಪಾತ ಹೆಚ್ಚಲೂಬಹುದು. ಅಪಾಯ ಇರುವುದು ಕೆಳಗೆ. ಹಿಮದ ಅಂಚು ಎಲ್ಲಿ ಕಡಲ ನೀರಿಗೆ ತಾಗಿದೆಯೋ ಅಲ್ಲಿ.

ಉಪ್ಪುನೀರು ಹೆಪ್ಪುಗಟ್ಟುವುದು ಸೊನ್ನೆಗಿಂತ 1.9 ಡಿಗ್ರಿ ಕೆಳಗೆ. ಆಳಕ್ಕೆ ಹೋದಂತೆ ಒತ್ತಡದಿಂದಾಗಿ ಈ ಬಿಂದು ಇನ್ನೂ ಇಳಿಯುತ್ತದೆ, ಕಿಲೋಮೀಟರಿಗೆ ಸುಮಾರು ಮುಕ್ಕಾಲು ಡಿಗ್ರಿಯಂತೆ. ಅಂಟಾರ್ಕ್ಟಿಕಾವನ್ನು ಸುತ್ತುವರಿದ ಮಹಾಪ್ರವಾಹದ ಆಳದಲ್ಲಿ ಹರಿಯುವ ನೀರಿನ ಉಷ್ಣತೆ ಸೊನ್ನೆಗಿಂತ ಸುಮಾರು ಒಂದು ಡಿಗ್ರಿ ಮೇಲಿದೆ. ಸಮುದ್ರವಿಜ್ಞಾನಿಗಳು ಇದನ್ನು ಪರಿಧ್ರುವ ಆಳನೀರು ಎನ್ನುತ್ತಾರೆ. ನಮ್ಮ ಕೈಗೆ ಅದು ಕೊರೆಯುವ ತಣ್ಣೀರು. ಒಂದು ಕಿಲೋಮೀಟರ್ ಆಳದ ಹಿಮಕ್ಕೆ ಮಾತ್ರ ಅದು ಕರಗುವ ಬಿಂದುವಿಗಿಂತ ಮೂರು ಡಿಗ್ರಿಗೂ ಹೆಚ್ಚು ಬಿಸಿ. ಈ ನೀರು ಹೆಚ್ಚು ಉಪ್ಪಿನದು, ಆದ್ದರಿಂದ ಭಾರ. ಮೇಲಿನ ತಣ್ಣನೆಯ ಪದರದಡಿ ಅಡಗಿಯೇ ಚಲಿಸುತ್ತದೆ. ಪಶ್ಚಿಮ ಅಂಟಾರ್ಕ್ಟಿಕಾದ ಅಂಚಿನ ಅಮುಂಡ್‌ಸನ್ ಸಮುದ್ರದಲ್ಲಿ ಗಾಳಿಯ ದಿಕ್ಕು ಬದಲಾದಂತೆ ಅದು ಖಂಡದಂಚಿನ ತಿಟ್ಟನ್ನು ಹತ್ತಿ, ಹಿಂದಿನ ಹಿಮಯುಗಗಳಲ್ಲಿ ಹಿಮನದಿಗಳೇ ಕೊರೆದಿಟ್ಟ ಕಾಲುವೆಗಳಲ್ಲಿ ಇಳಿದು, ನೇರವಾಗಿ ಹಿಮದ ಬುಡಕ್ಕೆ ತಲುಪುತ್ತದೆ.

ಬುಡ ಎಂದಾಗ ಎರಡು ಭಾಗಗಳನ್ನು ಬೇರೆಬೇರೆಯಾಗಿ ನೋಡಬೇಕು. ನೆಲಕ್ಕೆ ಒತ್ತಿಕೊಂಡು ಹರಿದು ಬರುವ ಹಿಮನದಿ ಒಂದು ಗೆರೆ ದಾಟಿದ ಮೇಲೆ ನೆಲ ಬಿಟ್ಟು ತೇಲತೊಡಗುತ್ತದೆ. ಆ ಗೆರೆಯನ್ನು ನೆಲೆಗೆರೆ ಎನ್ನೋಣ. ಅದರಿಂದಾಚೆ ತೇಲುವ ಚಪ್ಪಟೆ ಭಾಗವನ್ನು ತೇಲುಹಾಸು ಎನ್ನೋಣ. ತೇಲುಹಾಸು ಈಗಾಗಲೇ ತನ್ನ ತೂಕದಷ್ಟು ನೀರನ್ನು ಸರಿಸಿಯಾಗಿದೆ, ಹಾಗಾಗಿ ಅದು ಕರಗಿದರೆ ಕಡಲ ಮಟ್ಟ ಏರುವುದಿಲ್ಲ. ಆದರೆ ಅದು ಕೊಲ್ಲಿಯ ಎರಡೂ ಬದಿಗೆ, ತಳದ ಗುಡ್ಡಗಳಿಗೆ ಉಜ್ಜಿಕೊಂಡು ನಿಂತು ಹಿಂದಿನ ಹಿಮನದಿಯನ್ನು ತಡೆದಿಡುತ್ತದೆ. ತಡೆ ತೆಗೆದರೆ ಏನಾಗುತ್ತದೆಂಬುದಕ್ಕೆ ಪ್ರಕೃತಿಯೇ ಒಂದು ಪ್ರಯೋಗ ಮಾಡಿ ತೋರಿಸಿದೆ. 2002ರ ಫೆಬ್ರುವರಿ–ಮಾರ್ಚ್‌ನಲ್ಲಿ ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ‘ಲಾರ್ಸನ್ ಬಿ’ ತೇಲುಹಾಸಿನ 3,250 ಚದರ ಕಿಲೋಮೀಟರ್ ಭಾಗ ಸುಮಾರು ಐದು ವಾರಗಳಲ್ಲಿ ಪುಡಿಯಾಯಿತು. ಉಪಗ್ರಹಗಳು ಚಿತ್ರ ತೆಗೆಯುತ್ತಲೇ ಇದ್ದವು. ನಂತರ ಅದರ ಹಿಂದಿದ್ದ ಹಿಮನದಿಗಳ ವೇಗ ಹಲವು ಪಟ್ಟು ಹೆಚ್ಚಿತು. ತೇಲುಹಾಸಿನ ಕೆಲವು ತುಣುಕುಗಳು ಉಳಿದಿದ್ದ ಕಡೆ, ಅವುಗಳ ಹಿಂದಿನ ಹಿಮನದಿಗಳು ಮೊದಲಿನಂತೆಯೇ ನಿಧಾನ ಹರಿದವು. ತಡೆಯ ಲೆಕ್ಕಾಚಾರ ಕಾಗದದ ಮೇಲಿನ ಊಹೆಯಲ್ಲ ಎಂಬುದಕ್ಕೆ ಇಷ್ಟು ಸಾಕು.

ಲಾರ್ಸನ್ ಬಿ ಹಿಂದಿದ್ದವು ಚಿಕ್ಕ ಹಿಮನದಿಗಳು. ಅಮುಂಡ್‌ಸನ್ ಸಮುದ್ರಕ್ಕೆ ಇಳಿಯುವ ಥ್ವೇಟ್ಸ್ ಹಿಮನದಿಯದು ಬೇರೆಯೇ ಅಳತೆ. ಅದರ ಜಲಾನಯನದ ವಿಸ್ತೀರ್ಣ ಸುಮಾರು 1.92 ಲಕ್ಷ ಚದರ ಕಿಲೋಮೀಟರ್, ಹೆಚ್ಚುಕಡಿಮೆ ಕರ್ನಾಟಕದಷ್ಟೇ. ಬೀದರದಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಇಡೀ ರಾಜ್ಯವನ್ನು ಹಿಮ ಆವರಿಸಿದ್ದು, ಅದು ಸುಮಾರು 120 ಕಿಲೋಮೀಟರ್ ಅಗಲದ ಅಂಚಿನಿಂದ ಕಡಲಿಗೆ ಸುರಿಯುತ್ತಿದೆ ಎಂದುಕೊಂಡರೆ ಗಾತ್ರ ಅಂದಾಜಾದೀತು. ಅದೊಂದೇ ಪೂರ್ತಿ ಕರಗಿದರೆ ಜಗತ್ತಿನ ಕಡಲು 65 ಸೆಂಟಿಮೀಟರ್ ಏರುತ್ತದೆ. ಈಗಿನ ಸಮುದ್ರ ಏರಿಕೆಯಲ್ಲಿ ಶೇ 4ರಷ್ಟು ಪಾಲು ಇದೊಂದರದೇ.

ಥ್ವೇಟ್ಸ್‌ನ ತಳ ಬಾಣಲೆಯಂತಿದೆ: ಕಡಲಂಚಿನಲ್ಲಿ ಕಂಠ, ಒಳಕ್ಕೆ ಹೋದಂತೆ ಆಳ. ಸಾಮಾನ್ಯ ನದಿಕಣಿವೆಯಲ್ಲಿ ಕರಾವಳಿಯಿಂದ ಒಳನಾಡಿಗೆ ಹೋದಂತೆ ನೆಲ ಏರುತ್ತದೆ, ಇಲ್ಲಿ ಇಳಿಯುತ್ತದೆ. ನೆಲೆಗೆರೆ ಕಂಠದ ಮೇಲೆ ಇರುವವರೆಗೆ ಚಿಂತೆಯಿಲ್ಲ. ಬಿಸಿನೀರು ಬುಡವನ್ನು ಕೊರೆದು ಆ ಗೆರೆ ಒಳಗೆ ಜಾರಿತೆಂದರೆ ಹೊಸ ಗೆರೆಯಲ್ಲಿ ನೀರೂ ಆಳ, ಹಿಮವೂ ದಪ್ಪ. ದಪ್ಪ ಹಿಮ ತನ್ನ ತೂಕಕ್ಕೆ ತಾನೇ ಬೇಗ ಹಿಗ್ಗಿ ಹರಿಯುತ್ತದೆ. ಎರಡರಷ್ಟು ದಪ್ಪವಾದರೆ ಎರಡರಷ್ಟು ಹರಿವು ಎಂಬ ನೇರ ಲೆಕ್ಕ ಇಲ್ಲಿಲ್ಲ. ಹರಿವು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ. ಹೆಚ್ಚು ಹಿಮ ಹೊರಗೆ ಹರಿದರೆ ಹಿಂದಿನದು ತೆಳುವಾಗುತ್ತದೆ, ತೆಳುವಾದದ್ದು ತೇಲತೊಡಗುತ್ತದೆ, ಗೆರೆ ಇನ್ನೂ ಒಳಗೆ ಸರಿಯುತ್ತದೆ. ಜೋಹಾನ್ಸ್ ವೀರ್ಟ್‌ಮನ್ 1974ರಲ್ಲಿ ಈ ಸರಪಳಿಯನ್ನು ಗಣಿತದಲ್ಲಿ ಬರೆದರು. 2007ರಲ್ಲಿ ಕ್ರಿಶ್ಚಿಯನ್ ಶೂಫ್ ಅದನ್ನು ಇನ್ನಷ್ಟು ಗಟ್ಟಿ ಮಾಡಿದರು. ಇದರ ತಿರುಳು ಇಷ್ಟೇ: ಮೊದಲ ತಳ್ಳು ಹೊರಗಿನಿಂದ ಬರಬೇಕು, ಮುಂದಿನ ಜಾರುವಿಕೆಗೆ ಹೊಸ ಬಿಸಿಯ ಅಗತ್ಯವಿಲ್ಲ. 1978ರಲ್ಲೇ ಜಾನ್ ಮರ್ಸರ್ ‘ನೇಚರ್’ ಪತ್ರಿಕೆಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿಕೆಯನ್ನೂ ಪಶ್ಚಿಮ ಅಂಟಾರ್ಕ್ಟಿಕಾದ ಹಿಮಹಾಸನ್ನೂ (ನೆಲಕ್ಕೊತ್ತಿ ನಿಂತ ಹಿಮರಾಶಿಯನ್ನು) ಜೋಡಿಸಿ ವಿಪತ್ತಿನ ಎಚ್ಚರಿಕೆ ಕೊಟ್ಟಿದ್ದರು. ಆಗ ಅಳೆಯುವ ಸಾಧನ ಇರಲಿಲ್ಲ. ಈಗ ಇದೆ.

ಅಳತೆ ಮೂರು ದಾರಿಯಿಂದ ನಡೆಯುತ್ತದೆ. ಮೇಲ್ಮೈ ಎಷ್ಟು ಕುಸಿಯಿತೆಂದು ರೇಡಾರ್ ಮತ್ತು ಲೇಸರ್ ಹೊತ್ತ ಉಪಗ್ರಹಗಳು ನೋಡುತ್ತವೆ. ಹಿಮ ಎಷ್ಟು ವೇಗವಾಗಿ ಸರಿಯುತ್ತಿದೆಯೆಂದು ಎರಡು ದಿನಾಂಕಗಳ ರೇಡಾರ್ ಚಿತ್ರಗಳನ್ನು ಹೋಲಿಸಿ ತಿಳಿಯುತ್ತಾರೆ. ಮೂರನೆಯದು ನನಗೆ ಅತ್ಯಂತ ಸೋಜಿಗವೆನಿಸುವ ವಿಧಾನ: 2002ರಲ್ಲಿ ಹಾರಿದ ಗ್ರೇಸ್ ಉಪಗ್ರಹ ಜೋಡಿ ಒಂದರ ಹಿಂದೊಂದು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಸುತ್ತುತ್ತ, ತಮ್ಮ ನಡುವಿನ ದೂರದಲ್ಲಿ ಆಗುವ ಅತಿಸೂಕ್ಷ್ಮ ವ್ಯತ್ಯಾಸದಿಂದ ಕೆಳಗಿನ ಗುರುತ್ವವನ್ನು, ಅಂದರೆ ಹಿಮವನ್ನು, ಬಹುತೇಕ ತಕ್ಕಡಿಗಿಟ್ಟಂತೆ ತೂಗಿದವು. 2018ರಿಂದ ಅದರ ಉತ್ತರಾಧಿಕಾರಿ ಜೋಡಿ ಆ ಕೆಲಸ ಮುಂದುವರಿಸಿದೆ. ಒಂದರ ದೋಷ ಇನ್ನೊಂದಕ್ಕಿಲ್ಲದ ಈ ಮೂರೂ ವಿಧಾನಗಳನ್ನು ಒಟ್ಟುಗೂಡಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 1992ರಿಂದ 2017ರವರೆಗೆ ಅಂಟಾರ್ಕ್ಟಿಕಾ ಕಳೆದುಕೊಂಡ ಹಿಮ ಸುಮಾರು 2.72 ಲಕ್ಷ ಕೋಟಿ ಟನ್. 36,000 ಕೋಟಿ ಟನ್ ಹಿಮ ಕಡಲನ್ನು ಒಂದು ಮಿಲಿಮೀಟರ್ ಏರಿಸುತ್ತದೆ. ಆ ಲೆಕ್ಕದಲ್ಲಿ ಇದು ಏಳೂವರೆ ಮಿಲಿಮೀಟರ್. ಮೊತ್ತ ದೊಡ್ಡದೆನಿಸದಿರಬಹುದು. ನೋಡಬೇಕಾದ್ದು ಗತಿಯನ್ನು. ಪಶ್ಚಿಮ ಅಂಟಾರ್ಕ್ಟಿಕಾದ ನಷ್ಟ ಆ ಅವಧಿಯ ಆರಂಭದಲ್ಲಿ ವರ್ಷಕ್ಕೆ 5,300 ಕೋಟಿ ಟನ್ ಇದ್ದದ್ದು ಕೊನೆಗೆ 15,900 ಕೋಟಿ ಟನ್ ಆಗಿತ್ತು. ಥ್ವೇಟ್ಸ್‌ನ ನೆಲೆಗೆರೆ ನಡುಭಾಗದಲ್ಲಿ 1992ರಿಂದ 2011ರೊಳಗೆ 14 ಕಿಲೋಮೀಟರ್ ಒಳಸರಿದಿತ್ತು.

ಇದಕ್ಕೆ ವಿರುದ್ಧವಾಗಿ ಕಾಣುವ ಅಂಕಿಗಳನ್ನೂ ಓದುಗರ ಮುಂದಿಡಬೇಕು. 2021–23ರ ನಡುವೆ ಪೂರ್ವ ಅಂಟಾರ್ಕ್ಟಿಕಾದಲ್ಲಿ ಭಾರೀ ಹಿಮಪಾತವಾಗಿ ಖಂಡದ ಒಟ್ಟು ತೂಕ ಸ್ವಲ್ಪ ಕಾಲ ಏರಿತು. ಅದನ್ನೇ ಹಿಡಿದು ಅಂಟಾರ್ಕ್ಟಿಕಾ ಬೆಳೆಯುತ್ತಿದೆ ಎಂದವರಿದ್ದಾರೆ. ಅದೇ ವರ್ಷಗಳಲ್ಲಿ ಅಮುಂಡ್‌ಸನ್ ತೀರದ ಹಿಮನದಿಗಳು ತೆಳುವಾಗುವುದು ನಿಲ್ಲಲಿಲ್ಲ. ಒಳನಾಡಿನ ಹಿಮಪಾತ ವರ್ಷದಿಂದ ವರ್ಷಕ್ಕೆ ಏರಿಳಿಯುವಂಥದ್ದು. ಅಂಚಿನ ಜಾರುವಿಕೆ ಒಂದೇ ದಿಕ್ಕಿನದು.

ಗಂಭೀರವಾದ ಆಕ್ಷೇಪಗಳು ಬೇರೆ ಇವೆ, ಅವುಗಳಿಗೆ ಹೆಚ್ಚು ಗಮನ ಕೊಡಬೇಕು. ಅಮೆರಿಕ ಮತ್ತು ಬ್ರಿಟನ್ 2018ರಲ್ಲಿ ಕೂಡಿ ಆರಂಭಿಸಿದ ಥ್ವೇಟ್ಸ್ ಸಂಶೋಧನಾ ಯೋಜನೆಯವರು 2020ರ ಆರಂಭದಲ್ಲಿ ಬಿಸಿನೀರಿನಿಂದ ಸುಮಾರು 600 ಮೀಟರ್ ಆಳದ ರಂಧ್ರ ಕೊರೆದು, ‘ಐಸ್‌ಫಿನ್’ ಎಂಬ ಕೊಳವೆಯಾಕಾರದ ರೋಬಾಟನ್ನು ನೆಲೆಗೆರೆಯ ಹತ್ತಿರಕ್ಕೇ ಕಳಿಸಿದರು. ಮನುಷ್ಯರ ಉಪಕರಣ ಅಲ್ಲಿಗೆ ತಲುಪಿದ್ದು ಅದೇ ಮೊದಲು. ಹಿಮದ ಚಪ್ಪಟೆ ತಳ ವರ್ಷಕ್ಕೆ 2ರಿಂದ 5 ಮೀಟರ್ ಮಾತ್ರ ಕರಗುತ್ತಿತ್ತು, ಕಂಪ್ಯೂಟರ್ ಮಾದರಿಗಳು ಹೇಳಿದ್ದಕ್ಕಿಂತ ಕಡಿಮೆ. ಕರಗಿದ ಸಿಹಿನೀರು ತಳಕ್ಕೆ ಅಂಟಿದಂತೆ ಪದರವಾಗಿ ನಿಂತು ಕೆಳಗಿನ ಬಿಸಿನೀರನ್ನು ದೂರವಿಟ್ಟಿತ್ತು. ಬಿರುಕುಗಳ ಗೋಡೆಗಳಲ್ಲಿ, ಮೆಟ್ಟಿಲಿನಂಥ ಇಳಿಜಾರುಗಳಲ್ಲಿ ಮಾತ್ರ ಕರಗುವಿಕೆ ತುಂಬಾ ಹೆಚ್ಚು ಇತ್ತು. ಇದು ಸಮಾಧಾನದ ಸುದ್ದಿಯೇ? ನಾನು ಹಾಗೆ ಓದುವುದಿಲ್ಲ. ಅಷ್ಟು ಕಡಿಮೆ ಕರಗಿಯೂ ನೆಲೆಗೆರೆ ಅಷ್ಟು ದೂರ ಹಿಂದೆ ಸರಿದಿದೆ ಎಂದರೆ, ಈ ಹಿಮನದಿಯನ್ನು ಕದಲಿಸಲು ಹೆಚ್ಚು ಬಿಸಿ ಬೇಕಿಲ್ಲ ಎಂದೇ ಅರ್ಥ.

ಇನ್ನೊಂದು ವಾದ ಹಿಮದ ಬಂಡೆಗೋಡೆಗಳ ಕುರಿತದ್ದು. ತೇಲುಹಾಸು ಹೋದ ಮೇಲೆ ನೂರು ಮೀಟರಿಗೂ ಎತ್ತರದ ಹಿಮಗೋಡೆಗಳು ತಮ್ಮ ಭಾರ ತಾಳದೆ ಒಂದರ ಹಿಂದೊಂದು ಕುಸಿದುಬೀಳುತ್ತವೆ ಎಂದು 2016ರಲ್ಲಿ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಲೆಕ್ಕಹಾಕಿ, 2100ರೊಳಗೆ ಅಂಟಾರ್ಕ್ಟಿಕಾದಿಂದಲೇ ಒಂದು ಮೀಟರ್ ಏರಿಕೆ ಸಾಧ್ಯವೆಂದಿದ್ದರು. 2024ರ ಅಧ್ಯಯನವೊಂದು ಥ್ವೇಟ್ಸ್‌ನಲ್ಲಿ ಈ ಶತಮಾನದಲ್ಲಿ ಹಾಗಾಗುವುದು ಅಸಂಭವ ಎಂದಿತು. ಅತ್ಯಂತ ಭಯಾನಕ ಚಿತ್ರ ಹೀಗೆ ಕೊಂಚ ಹಿಂದೆ ಸರಿದಿದೆ. ಹಿಮದ ಭಾರ ಇಳಿದಂತೆ ಅಮುಂಡ್‌ಸನ್ ತೀರದ ಬಂಡೆ ವರ್ಷಕ್ಕೆ 41 ಮಿಲಿಮೀಟರಿನಷ್ಟು ಮೇಲೇಳುತ್ತಿರುವುದೂ ಗೊತ್ತಾಗಿದೆ. ಇದು ನೆಲೆಗೆರೆಯ ಜಾರುವಿಕೆಯನ್ನು ನಿಧಾನಿಸಬಹುದು. ಅದೇ 2024ರಲ್ಲಿ ಉಪಗ್ರಹ ರೇಡಾರ್ ಇನ್ನೊಂದನ್ನೂ ತೋರಿಸಿತು: ಉಬ್ಬರದ ಸಮಯದಲ್ಲಿ ಕಡಲ ನೀರು ನೆಲಕ್ಕೊತ್ತಿದ ಹಿಮದಡಿಗೂ ಕಿಲೋಮೀಟರುಗಟ್ಟಲೆ ನುಗ್ಗಿ, ಹಿಮವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಎತ್ತಿ ಇಳಿಸುತ್ತಿದೆ. ನೆಲೆಗೆರೆ ಎಂದುಕೊಂಡಿದ್ದು ಗೆರೆಯಲ್ಲ, ಅಗಲವಾದ ಪಟ್ಟಿ. ಈ ಎಲ್ಲ ಶೋಧಗಳಿಂದ ವೇಗದ ಅಂದಾಜು ಹಿಂದೆಮುಂದೆ ಆಗುತ್ತಿದೆ. ದಿಕ್ಕಿನ ಬಗ್ಗೆ ಯಾವುದೂ ಸಂದೇಹ ಹುಟ್ಟಿಸಿಲ್ಲ.

ಹಿಂದೆ ಹೀಗಾಗಿತ್ತೆ? ಸುಮಾರು 1.25 ಲಕ್ಷ ವರ್ಷಗಳ ಹಿಂದೆ, ಹಿಂದಿನ ಎರಡು ಹಿಮಯುಗಗಳ ನಡುವಿನ ಬೆಚ್ಚಗಿನ ಕಾಲದಲ್ಲಿ, ಭೂಮಿಯ ಉಷ್ಣತೆ ಇಂದಿನ ಆಸುಪಾಸಿನಲ್ಲೇ ಇತ್ತು. ಕಡಲು ಇಂದಿಗಿಂತ 5ರಿಂದ 10 ಮೀಟರ್ ಎತ್ತರದಲ್ಲಿತ್ತು. ಗ್ರೀನ್‌ಲ್ಯಾಂಡ್ ಒಂದರಿಂದಲೇ ಅಷ್ಟು ನೀರು ಬಂದಿರಲಾರದು. 2023ರ ಡಿಸೆಂಬರ್‌ನಲ್ಲಿ ಸಾಕ್ಷಿ ಸಿಕ್ಕಿದ್ದು ಅನಿರೀಕ್ಷಿತ ಕಡೆಯಿಂದ. ಟರ್ಕೆಟ್ಸ್ ಆಕ್ಟೋಪಸ್ ಎಂಬ ಚಿಕ್ಕ ಅಷ್ಟಪದಿ ಅಂಟಾರ್ಕ್ಟಿಕಾದ ಸುತ್ತ ಕಡಲತಳದಲ್ಲಿ ತೆವಳಿ ಬದುಕುವ ಜೀವಿ, ದೂರ ಈಜುವಂಥದ್ದಲ್ಲ. ಈಗ ಹಿಮಹಾಸಿನಿಂದ ಬೇರ್ಪಟ್ಟಿರುವ ವೆಡೆಲ್, ರಾಸ್, ಅಮುಂಡ್‌ಸನ್ ಸಮುದ್ರಗಳ ಆಕ್ಟೋಪಸ್‌ಗಳ ಡಿಎನ್‌ಎ ಹೋಲಿಸಿದಾಗ, ಆ ಬೆಚ್ಚಗಿನ ಕಾಲದಲ್ಲಿ ಅವು ಪರಸ್ಪರ ಬೆರೆತ ಗುರುತು ಸಿಕ್ಕಿತು. ಪಶ್ಚಿಮ ಅಂಟಾರ್ಕ್ಟಿಕಾದ ನಡುವೆ ಅಂದು ಹಿಮವಿರಲಿಲ್ಲ, ಸಮುದ್ರದ ದಾರಿ ತೆರೆದಿತ್ತು ಎಂಬುದೇ ಅದಕ್ಕೆ ಸಹಜ ವಿವರಣೆ.

2023ರಲ್ಲೇ ಬ್ರಿಟಿಷ್ ಸಂಶೋಧಕರು ಅಮುಂಡ್‌ಸನ್ ಸಮುದ್ರದ ಮುಂದಿನ ದಶಕಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು. ಹೊಗೆ ಉಗುಳುವಿಕೆಯನ್ನು ಬೇಗನೆ ತಗ್ಗಿಸಿ ಉಷ್ಣತೆಯ ಏರಿಕೆಯನ್ನು 1.5 ಡಿಗ್ರಿಗೆ ಕಟ್ಟಿಹಾಕಿದರೂ ಆ ನೀರು ಈ ಶತಮಾನದಲ್ಲಿ ಕಳೆದ ಶತಮಾನದ ಮೂರು ಪಟ್ಟು ವೇಗದಲ್ಲಿ ಬೆಚ್ಚಗಾಗುತ್ತದೆಂದು ಬಂತು. ಅಂದರೆ ಪಶ್ಚಿಮದ ಒಂದಷ್ಟು ನಷ್ಟ ಈಗಾಗಲೇ ನಮ್ಮ ಲೆಕ್ಕಕ್ಕೆ ಬಿದ್ದಿದೆ. ಇದನ್ನು ಓದಿ ಇನ್ನೇನು ಮಾಡಿಯೂ ಫಲವಿಲ್ಲ ಎಂದು ಕೈಚೆಲ್ಲುವವರಿಗೆ ಪೂರ್ವ ಅಂಟಾರ್ಕ್ಟಿಕಾವನ್ನು ತೋರಿಸಬೇಕು. ಕಡಲನ್ನು 52 ಮೀಟರ್ ಏರಿಸಬಲ್ಲ ಹಿಮ ಅಲ್ಲಿದೆ. ಅಲ್ಲಿಯೂ ಟಾಟನ್, ಡೆನ್‌ಮನ್‌ನಂಥ ಹಿಮನದಿಗಳ ಕೆಳಗೆ ಕಡಲ ಮಟ್ಟಕ್ಕಿಂತ ಕೆಳಗಿನ ಕಣಿವೆಗಳಿವೆ. ಡೆನ್‌ಮನ್‌ನ ಕಮರಿ 3,500 ಮೀಟರ್ ಆಳ. 2022ರಲ್ಲಿ ಬಂದ ಸಮೀಕ್ಷೆಯ ಪ್ರಕಾರ ಉಷ್ಣತೆಯ ಏರಿಕೆ 2 ಡಿಗ್ರಿಯ ಒಳಗಿದ್ದರೆ ಪೂರ್ವ ಭಾಗದಿಂದ 2500ರ ಹೊತ್ತಿಗೆ ಅರ್ಧ ಮೀಟರಿಗಿಂತ ಕಡಿಮೆ ನೀರು ಬರುತ್ತದೆ. ಹೊಗೆ ಏರುತ್ತಲೇ ಹೋದರೆ 2ರಿಂದ 5 ಮೀಟರ್. ಆ ಅಂತರವನ್ನು ನಿರ್ಧರಿಸುವುದು ನಾವು ಈಗ ಉರಿಸುವ ಕಲ್ಲಿದ್ದಲು ಮತ್ತು ಎಣ್ಣೆ.

ಥ್ವೇಟ್ಸ್‌ನಿಂದ ಮಂಗಳೂರಿಗೆ ಸುಮಾರು 13,000 ಕಿಲೋಮೀಟರ್. ಈ ದೂರ ನಮಗೆ ರಕ್ಷಣೆಯಲ್ಲ, ಬದಲಿಗೆ ಅಪಾಯದ ಕಾರಣ. ಹಿಮಹಾಸಿನ ಅಗಾಧ ದ್ರವ್ಯರಾಶಿ ಸುತ್ತಲ ಕಡಲನ್ನು ಗುರುತ್ವದಿಂದ ತನ್ನತ್ತ ಸೆಳೆದು ಉಬ್ಬಿಸಿಟ್ಟಿದೆ. ಹಿಮ ಕರಗಿದರೆ ಆ ಸೆಳೆತ ತಗ್ಗುತ್ತದೆ. ಅಂಟಾರ್ಕ್ಟಿಕಾದ ಹತ್ತಿರ ಕಡಲು ಇಳಿಯುತ್ತದೆ, ಬಿಟ್ಟುಹೋದ ನೀರು ದೂರದಲ್ಲಿ ಸೇರುತ್ತದೆ. ಜೊತೆಗೆ ಭೂಮಿಯ ತಿರುಗುವ ಅಕ್ಷವೂ ಕಿಂಚಿತ್ ಸರಿಯುತ್ತದೆ. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ಪಶ್ಚಿಮ ಅಂಟಾರ್ಕ್ಟಿಕಾದ ಹಿಮ ಕುಸಿದರೆ ಜಾಗತಿಕ ಸರಾಸರಿಗಿಂತ ಹೆಚ್ಚು ಏರಿಕೆ ಕಾಣುವ ಪ್ರದೇಶಗಳು ಎರಡು: ಉತ್ತರ ಅಮೆರಿಕದ ತೀರಗಳು ಮತ್ತು ಹಿಂದೂ ಮಹಾಸಾಗರ.

ಉಪಗ್ರಹದ ಅಳತೆ ಆರಂಭವಾದ 1993ರಲ್ಲಿ ವರ್ಷಕ್ಕೆ ಸುಮಾರು 2 ಮಿಲಿಮೀಟರ್ ಏರುತ್ತಿದ್ದ ಜಗತ್ತಿನ ಕಡಲು ಈಗ ನಾಲ್ಕೂವರೆ ಮಿಲಿಮೀಟರ್ ಏರುತ್ತಿದೆ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ 2021ರ ವರದಿ 2100ಕ್ಕೆ ಕೊಟ್ಟ ಅಂದಾಜು, ಹೊಗೆ ಕಡಿಮೆಯಾದರೆ 32ರಿಂದ 62 ಸೆಂಟಿಮೀಟರ್, ವಿಪರೀತವಾದರೆ 63ರಿಂದ 101 ಸೆಂಟಿಮೀಟರ್. ಅದರ ಜೊತೆಗೇ ಅದು ಬರೆದ ಇನ್ನೊಂದು ಸಾಲು ಯೋಜನಾ ವರದಿಗಳಲ್ಲಿ ಕಾಣಸಿಗುವುದು ಅಪರೂಪ: ಹಿಮಹಾಸಿನ ವರ್ತನೆ ಪೂರ್ತಿ ತಿಳಿಯದಿರುವುದರಿಂದ, ವಿಪರೀತ ಹೊಗೆಯ ದಾರಿಯಲ್ಲಿ 2 ಮೀಟರಿನ ಸಮೀಪದ ಏರಿಕೆಯನ್ನೂ ತಳ್ಳಿಹಾಕುವಂತಿಲ್ಲ.

ಕರಾವಳಿಯಲ್ಲಿ ಇದರ ಮೊದಲ ಪೆಟ್ಟು ಅಲೆಯ ರೂಪದಲ್ಲಿ ಬರಬೇಕೆಂದಿಲ್ಲ, ಬಾವಿಯಲ್ಲಿ ಬರಬಹುದು. ಕಡಲಿಗೂ ನದಿಗೂ ನಡುವೆ ಚಾಚಿರುವ ಕೋಡಿಬೆಂಗ್ರೆಯಂಥ ಮರಳುನೆಲದಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿ ನಿಂತಿರುತ್ತದೆ. ಎರಡರ ಸಾಂದ್ರತೆಯ ವ್ಯತ್ಯಾಸದಿಂದಾಗಿ, ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ಇದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ತಗ್ಗು ನೆಲದಲ್ಲಿ ಬಾವಿಯ ನೀರು ಮೇಲೇರಲು ಜಾಗವಿಲ್ಲ; ಕಡಲು ಒಂದು ಅಡಿ ಏರಿದರೆ ಕೆಳಗಿನ 40 ಅಡಿಯೂ ಕರಗಿಹೋಗುತ್ತದೆ. ಅಘನಾಶಿನಿಯ ಗಜನಿ ಭೂಮಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರು ಹಿನ್ನೀರಿನ ಉಬ್ಬರಕ್ಕೆ ತಕ್ಕಂತೆ ಕಟ್ಟೆಯ ಎತ್ತರ ಇಟ್ಟವರು. ಬೇಸಿಗೆಯಲ್ಲಿ ಹಲಗೆ ಇಳಿಸಿ ಉಪ್ಪುನೀರನ್ನು ತಡೆಯುವ ಕಿಂಡಿ ಅಣೆಕಟ್ಟುಗಳಿಗೂ ಅಂಥದ್ದೇ ಒಂದು ನಿಗದಿತ ಎತ್ತರವಿದೆ. ನೂರು ವರ್ಷಕ್ಕೊಮ್ಮೆ ಬರುತ್ತಿದ್ದ ಅತ್ಯುನ್ನತ ಕಡಲ ಮಟ್ಟ 2100ರ ಹೊತ್ತಿಗೆ ಜಗತ್ತಿನ ಅರ್ಧಕ್ಕೂ ಹೆಚ್ಚು ಅಳತೆ ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ ಎನ್ನುತ್ತದೆ ಅದೇ ಐಪಿಸಿಸಿ ವರದಿ.

ಭಾರತ ಅಂಟಾರ್ಕ್ಟಿಕಾಕ್ಕೆ ಹೊಸಬನಲ್ಲ. 1981ರಲ್ಲಿ ಮೊದಲ ತಂಡ ಹೊರಟಿತು, ಮೈತ್ರಿ ಮತ್ತು ಭಾರತಿ ಠಾಣೆಗಳು ಕೆಲಸ ಮಾಡುತ್ತಿವೆ, ಅವನ್ನು ನಡೆಸುವ ಧ್ರುವ ಸಂಶೋಧನಾ ಕೇಂದ್ರ ಕಾರವಾರದಿಂದ ಕೂಗಳತೆಯ ಗೋವಾದಲ್ಲೇ ಇದೆ. ಎರಡೂ ಠಾಣೆಗಳಿರುವುದು ಪೂರ್ವ ಅಂಟಾರ್ಕ್ಟಿಕಾದಲ್ಲಿ, ಅಂದರೆ ಇನ್ನೂ ಉಳಿಸಿಕೊಳ್ಳಬಹುದಾದ ಹಿಮದ ಮಗ್ಗುಲಲ್ಲಿ. ಅಲ್ಲಿಯ ತಿಳಿವಳಿಕೆ ನಮ್ಮ ಎಂಜಿನಿಯರುಗಳ ಮೇಜಿಗೆ ಬರಬೇಕು. ಮರವಂತೆಯಲ್ಲಿ ಸೌಪರ್ಣಿಕಾಕ್ಕೂ ಕಡಲಿಗೂ ನಡುವೆ ಹಾದುಹೋಗುವ ಹೆದ್ದಾರಿ, ಉಳ್ಳಾಲದ ತಡೆಗೋಡೆ, ಹೊಸ ಮೀನುಗಾರಿಕಾ ಬಂದರು, ಮುಂದೆ ಕಟ್ಟುವ ಕಿಂಡಿ ಅಣೆಕಟ್ಟು – ಇವು 2100ರಲ್ಲೂ ಬಳಕೆಯಲ್ಲಿರಬೇಕಾದವು. ಇವುಗಳ ವಿನ್ಯಾಸಕ್ಕೆ ಕಡಲ ಏರಿಕೆಯ ಯಾವ ಅಂಕಿಯನ್ನು ಹಿಡಿಯಲಾಗಿದೆ, ಅದರಲ್ಲಿ ಅಂಟಾರ್ಕ್ಟಿಕಾದ ಪಾಲು ಎಷ್ಟು, ಹಿಂದೂ ಮಹಾಸಾಗರದ ಹೆಚ್ಚುವರಿ ಸೇರಿದೆಯೋ ಇಲ್ಲವೋ ಎಂಬುದನ್ನು ಕಾಮಗಾರಿಯ ಯೋಜನಾ ವರದಿಯಲ್ಲೇ ಬರೆಯುವುದು ಕಡ್ಡಾಯವಾಗಬೇಕು, ಮತ್ತು ಆ ಪುಟ ಆಯಾ ಊರಿನ ಗ್ರಾಮಸಭೆಯ ಮುಂದೆ ಬರಬೇಕು.